ಯಾರದ್ದೂ ಅಲ್ಲದ ಜಮೀನಿಗೆ ಒಬ್ಬ ಸರ್ವೇಯರು

ಸರ್ವೇಯರ್ ಕೆಲಸದಲ್ಲಿದ್ದಾಗ ನಗೆಪಾಟಲಿನ ಪ್ರಸಂಗಗಳು ನಾನಿದ್ದಲ್ಲಿಗೆ ತಾವೇ ನಡೆದು ಬರುತ್ತಿದ್ದವು. ನಾನು ನಿವೃತ್ತನಾದ ಮೇಲೆ ಅವೂ ನಿವೃತ್ತವಾಗುತ್ತವೆ ಅಂದುಕೊಂಡಿದ್ದೆ. ಎಲ್ಲಿ ಬಂತು? ಪಿಂಚಣಿಯಾದರೂ ಒಂದೊಂದು ತಿಂಗಳು ತಡವಾದೀತು, ಇವು ಮಾತ್ರ ತಪ್ಪದೆ ಬರುತ್ತಿವೆ. ಈಚಿನವೆಲ್ಲ ಒಂದು ವಿಡಿಯೋ ಗೇಮಿನ ಸುತ್ತ ಹುಟ್ಟಿದವು. ನಗಬೇಡಿ. ಅಥವಾ ನಗಿ, ಅದಕ್ಕೇ ಬರೆಯುತ್ತಿರುವುದು.

ನಾನು ಬಿ.ಎಸ್ಸಿ. ಓದಿ, ತಿ. ನರಸೀಪುರ ತಾಲ್ಲೂಕಿನ ಹೊಲಗದ್ದೆಗಳಲ್ಲಿ ಸರಪಳಿ ಎಳೆದು ಎಳೆದು, ಈಗ ನಂಜನಗೂಡಿನಲ್ಲಿ ಮಗಳ ಮನೆಯಲ್ಲಿ ಕಾಲು ಚಾಚಿಕೊಂಡಿರುವವನು. ಐದನೇ ಕ್ಲಾಸಿನ ಮೊಮ್ಮಗಳು ನನ್ನ ಟ್ಯಾಬಿಗೆ ಈ ಆಟ ಹಾಕಿಕೊಟ್ಟಳು. ಅದರೊಳಗೊಂದು ಲೋಕವಿದೆ. ಮಣ್ಣು, ಕಲ್ಲು, ಮರ, ದನ, ಮೋಡ, ಸೂರ್ಯ ಎಲ್ಲವೂ ಚೌಕ ಚೌಕ ಡಬ್ಬಿಗಳು. ಅಗೆಯಬಹುದು, ಕಟ್ಟಬಹುದು, ಬೆಳೆ ಇಡಬಹುದು, ಸುಮ್ಮನೆ ಅಲೆಯಬಹುದು. ನಡೆದಷ್ಟೂ ನೆಲ. ಗೆಲ್ಲುವುದಿಲ್ಲ, ಸೋಲುವುದಿಲ್ಲ, ಮುಗಿಯುವುದೂ ಇಲ್ಲ. ನಮ್ಮ ಮನೆಯಲ್ಲಿ ಅದಕ್ಕೆ ಡಬ್ಬಿ ಆಟ ಅಂತಲೇ ಹೆಸರು.

ನನ್ನಾಕೆಗೆ ಈ ಆಟ ಕಂಡರಾಗದು. ಕಾರಣ ಆಟದ್ದಲ್ಲ, ತವರಿನದು. ಹೆಮ್ಮಿಗೆಯಲ್ಲಿ ಅವಳಿಗೆ ಇಬ್ಬರು ತಮ್ಮಂದಿರು. ಆಸ್ತಿ ಪಾಲಾದಾಗ ಇಬ್ಬರ ಗದ್ದೆಯ ನಡುವೆ ಒಂದು ಬದು ಉಳಿಯಿತು. ಅದು ಯಾರ ಕಡೆಗೆ ಸೇರಿದ್ದು ಅಂತ ಶುರುವಾದ ಜಗಳಕ್ಕೆ ಅಣ್ಣತಮ್ಮಂದಿರ ನಡುವೆ ಮಾತೇ ನಿಂತು ವರ್ಷಗಳಾದವು. ಯಾವ ಸರ್ವೇಯರು ಬಂದು ಅಳೆದರೂ ಒಬ್ಬ ಒಪ್ಪಿದರೆ ಇನ್ನೊಬ್ಬ ಒಪ್ಪುವುದಿಲ್ಲ. ಇವಳು ತವರಿಗೆ ಹೋಗಿ ದೊಡ್ಡವನ ಮನೆಯಲ್ಲಿ ಉಂಡರೆ ಚಿಕ್ಕವನು ಮುಖ ತಿರುಗಿಸುತ್ತಾನೆ, ಚಿಕ್ಕವನ ಮನೆಯಲ್ಲಿ ಉಂಡರೆ ದೊಡ್ಡವನು. ಎರಡೂ ಮನೆಯಲ್ಲಿ ಉಂಡರೆ ಹೊಟ್ಟೆ ತಿರುಗುತ್ತದೆ. ಕೊನೆಗೆ ತವರಿಗೆ ಹೋಗುವುದನ್ನೇ ಬಿಟ್ಟಳು. ಅಂಥವಳ ಎದುರಿಗೆ ನಾನು ಟ್ಯಾಬ್ ಹಿಡಿದು ಕೂತರೆ ಹೇಗಾಗಬೇಡ?

“ತಾಲ್ಲೂಕಿನ ಬದುವೆಲ್ಲ ಅಳೆದು ಬಂದ್ರಿ. ನನ್ನ ತವರಿನ ಒಂದೇ ಒಂದು ಬದು ಬಗೆಹರಿಸೋಕೆ ಆಗಲಿಲ್ಲ. ಈಗ ಇಲ್ಲದ ನೆಲ ಅಳೀತಾ ಕೂತಿದೀರಿ,” ಅಂದಳು.

ಅವಳಂದದ್ದು ಸುಳ್ಳಲ್ಲ. ನಿಜವಾಗಿಯೂ ಅಳೆಯುತ್ತಿದ್ದೆ.

ಹಸಿರು ಅರ್ಜಿದಾರ

ಮೊದಲ ದಿನ ಮೊಮ್ಮಗಳು ನನ್ನನ್ನು ಡಬ್ಬಿ ಲೋಕದ ಒಂದು ಹುಲ್ಲುಗಾವಲಿನಲ್ಲಿ ಇಳಿಸಿ ಟ್ಯೂಷನ್ನಿಗೆ ಹೊರಟಳು. ಈಗ ನಾನೇನು ಮಾಡಬೇಕಮ್ಮ ಅಂತ ಕೇಳಿದೆ.

“ಏನು ಬೇಕಾದ್ರೂ ಮಾಡು ತಾತ.”

ಇಡೀ ಸರ್ವಿಸಿನಲ್ಲಿ ಈ ಮಾತನ್ನು ನನಗೆ ಯಾರೂ ಹೇಳಿರಲಿಲ್ಲ. ಮದುವೆಯಾದ ಮೇಲಂತೂ ಕೇಳಲೇಬೇಡಿ. ಗಾಬರಿಯಾಯಿತು. ಎಲ್ಲಿಂದಲಾದರೂ ಆದೇಶ ಬಂದೀತು ಅಂತ ಸ್ವಲ್ಪ ಹೊತ್ತು ನಿಂತೇ ಇದ್ದೆ. ಒಂದು ಕುರಿ ಬಂದು ನನ್ನನ್ನು ನೋಡಿಕೊಂಡು ಹೋಯಿತು. ಮೇಲಧಿಕಾರಿ ಅನ್ನಬಹುದಾದವರು ಸುತ್ತಮುತ್ತ ಅದನ್ನು ಬಿಟ್ಟರೆ ಇನ್ಯಾರೂ ಇರಲಿಲ್ಲ.

ಕೊನೆಗೆ ಕೈ ತನಗೆ ಗೊತ್ತಿರುವ ಕೆಲಸಕ್ಕೆ ಹೋಯಿತು. ಕಲ್ಲಿನ ಡಬ್ಬಿಗಳನ್ನು ಅಗೆದು ತಂದು, ಮೂಲೆ ಮೂಲೆಗೆ ಗಡಿಯ ಬಾಂದುಕಲ್ಲು ನೆಟ್ಟೆ. ಪಕ್ಕದ ತುಂಡಿಗೂ ನೆಟ್ಟೆ. ಅದರ ಪಕ್ಕದ್ದಕ್ಕೂ ನೆಟ್ಟೆ. ಮೊಮ್ಮಗಳು ವಾಪಸು ಬರುವ ಹೊತ್ತಿಗೆ ಹುಲ್ಲುಗಾವಲು ತುಂಬ ಕಲ್ಲು. ಮನೆ ಎಲ್ಲಿ ತಾತ ಅಂದಳು. ಮನೆ ಆಮೇಲೆ, ಮೊದಲು ಅಳತೆ ಆಗಲಿ ಅಂದೆ. ಕತ್ತಲಾದರೆ ಏನೇನೋ ಬರ್ತವೆ ಅಂತ ಅವಳು ಹೇಳುತ್ತಿರುವಾಗಲೇ ಆಟದೊಳಗಿನ ಸೂರ್ಯ ಮುಳುಗಿದ. ಹಸಿರು ಬಣ್ಣದ, ಕೈಯೇ ಇಲ್ಲದ ಆಸಾಮಿಯೊಬ್ಬ ಸದ್ದಿಲ್ಲದೆ ಬಂದು ನನ್ನ ಬೆನ್ನ ಹಿಂದೆ ನಿಂತ. ಇಷ್ಟು ಹತ್ತಿರ ಬಂದು ಮಾತಾಡದೆ ನಿಲ್ಲುವವರನ್ನು ನಾನು ಚೆನ್ನಾಗಿ ಬಲ್ಲೆ, ಅವರು ಅರ್ಜಿದಾರರು. ಇರಪ್ಪ, ಈ ಮೂಲೆ ಮುಗಿಸಿ ನಿನ್ನದು ನೋಡ್ತೀನಿ ಅಂತ ಬಾಯಿಬಿಟ್ಟೇ ಹೇಳಿದೆ. ಆತ ಬುಸ್ಸೆಂದ, ಆಮೇಲೆ ಢಮ್ ಅಂತ ಸ್ಫೋಟಗೊಂಡ. ನಾನೂ ಹೋದೆ, ಕಲ್ಲುಗಳೂ ಹೋದವು, ಅಳೆದ ನೆಲ ಗುಂಡಿಯಾಯಿತು.

ಯಾಕೆ ತಾತ ಓಡಲಿಲ್ಲ ಅಂತ ಮೊಮ್ಮಗಳು ಕೇಳಿದಳು. ಏನು ಹೇಳಲಿ? ಸರ್ವಿಸಿನಲ್ಲಿ ನಾನು ಕಾಯಿಸಿದವರೆಲ್ಲ ಹಲ್ಲು ಕಡಿದುಕೊಂಡು ಮನೆಗೆ ಹೋಗುತ್ತಿದ್ದರು. ಮನಸ್ಸಿನಲ್ಲಿದ್ದದ್ದನ್ನು ಮಾಡಿ ತೋರಿಸಿದವನು ಇವನೊಬ್ಬನೇ.

ಸೇತುವೆ ತನಕ

ಬೆಳಗಿನ ಹೊತ್ತು ಕಪಿಲಾ ಸೇತುವೆಯ ಕಡೆಗೆ ನನ್ನ ಜೊತೆ ವಾಕಿಂಗ್ ಬರುವವರು ನಿವೃತ್ತ ಹೆಡ್‌ಮಾಸ್ಟರು. ಆಟದ ವಿಷಯ ತಿಳಿದು ಅವರಿಗೆ ಕಸಿವಿಸಿಯಾಯಿತು. ಎಷ್ಟು ಅಂಕ ಬಂತು ಅಂದರು. ಅಂಕ ಇಲ್ಲ ಅಂದೆ. ಹಾಗಾದರೆ ಯಾವಾಗ ಮುಗಿಯುತ್ತೆ ಅಂದರು. ಮುಗಿಯೋದಿಲ್ಲ ಅಂದೆ. ಪರೀಕ್ಷೆಯಿಲ್ಲ, ಪಾಸಿಲ್ಲ, ಫೇಲಿಲ್ಲ, ಗುರಿಯೇ ಇಲ್ಲದ್ದನ್ನು ಆಟ ಅನ್ನೋಕೆ ಹೇಗಾಗುತ್ತೆ ಅಂತ ದಾರಿಯುದ್ದಕ್ಕೂ ಪಾಠ ಮಾಡಿದರು. ಅಷ್ಟರಲ್ಲಿ ಸೇತುವೆ ಬಂತು. ಎಂದಿನಂತೆ ಅದರ ಕಂಬಿ ಮುಟ್ಟಿ ಹಿಂದಕ್ಕೆ ತಿರುಗಿದರು.

“ಮೇಷ್ಟ್ರೇ, ಸೇತುವೆ ಹತ್ರ ಏನಾದ್ರೂ ಕೆಲಸ ಇತ್ತಾ?” ಅಂದೆ.

“ಕೆಲಸ ಏನಿರುತ್ತೆ? ಇಲ್ಲಿಂದ ತಿರುಗೋದು.”

“ಇದ್ರಲ್ಲಿ ಪಾಸಾದೋರು ಯಾರು?”

ಅವರು ಬಿರಬಿರನೆ ಮನೆಯ ಕಡೆ ಹೆಜ್ಜೆ ಹಾಕಿದರು. ಸಂಜೆ ಮಾತ್ರ ನಮ್ಮನೆಗೆ ಬಂದು, ಕೊಡಿ ನೋಡೋಣ ಅಂತ ಟ್ಯಾಬಿಗೆ ಕೈ ಚಾಚಿದರು.

ಆ ಲೋಕದಲ್ಲಿ ಅಲ್ಲಲ್ಲಿ ಪುಟ್ಟ ಊರುಗಳಿವೆ. ಉದ್ದ ಮೂಗಿನ ಜನ ಕೈಕಟ್ಟಿಕೊಂಡು ಓಡಾಡುತ್ತಾರೆ. ಅವರಿಗೆ ಬರುವ ಮಾತು ಒಂದೇ, “ಹ್ಞೂಂ.” ಕೈಕಟ್ಟಿ ನಿಂತವರನ್ನು ಕಂಡದ್ದೇ ಮೇಷ್ಟರ ಮುಖ ಅರಳಿತು. ಮೊಮ್ಮಗಳ ನೆರವಿನಿಂದ ಉದ್ದಕ್ಕೆ ಒಂದು ಕೊಠಡಿ ಕಟ್ಟಿದರು. ಉದ್ದ ಮೂಗಿನವರನ್ನು ಒಬ್ಬೊಬ್ಬರನ್ನಾಗಿ ಒಳಕ್ಕೆ ತಳ್ಳಿ ಬಾಗಿಲು ಹಾಕಿದರು. ಏಳರ ಮಗ್ಗಿ ಬರುತ್ತೇನ್ರೋ ಅಂದರು. ಒಬ್ಬ ಹ್ಞೂಂ ಅಂದ. ನಿನ್ನೆ ಹೇಳಿಕೊಟ್ಟಿದ್ದು ಅರ್ಥವಾಯಿತಾ ಅಂದರು. ಮಿಕ್ಕವರೂ ಹ್ಞೂಂ ಅಂದರು. ಟ್ಯಾಬ್ ಕೆಳಗಿಡುವಾಗ ಮೇಷ್ಟರ ಕಣ್ಣು ಒದ್ದೆಯಾಗಿತ್ತು.

“ನನ್ನ ಸ್ಕೂಲು ಥೇಟ್ ಹೀಗೇ ಇತ್ತು ಕಣ್ರೀ. ಬಾಗಿಲು ತೆಗೆದ್ರೆ ಒಬ್ಬನೂ ಉಳೀತಿರಲಿಲ್ಲ,” ಅಂದರು.

ಕವಲಂದೆಯವರ ಚಿಂತೆ

ಕವಲಂದೆಯಿಂದ ನನ್ನ ಹಳೆಯ ಪರಿಚಯದ ರೈತರೊಬ್ಬರು ನಂಜನಗೂಡಿನ ಸಂತೆಗೆ ಬಂದಾಗ ನಮ್ಮನೆಗೆ ಹಣಕಿ ಕಾಫಿ ಕುಡಿದು ಹೋಗುತ್ತಾರೆ. ಹೊಲವೂ ಇದೆ, ನಾಲ್ಕಾರು ಹಸುವೂ ಇವೆ. ಒಂದು ದಿನ ನನ್ನ ಭುಜದ ಮೇಲಿಂದ ಬಗ್ಗಿ ಟ್ಯಾಬ್ ನೋಡಿದರು. ಅದರಲ್ಲಿ ನನ್ನದೊಂದು ಹಸು ನಿಂತಿತ್ತು. ಬಕೆಟ್ ತೋರಿಸಿದರೆ ಸಾಕು, ಯಾವ ಹೊತ್ತಿನಲ್ಲಾದರೂ ಹಾಲು ಕೊಡುತ್ತದೆ ಅಂತ ಹೆಮ್ಮೆಯಿಂದ ಕರೆದು ತೋರಿಸಿದೆ. ಅವರಿಗೆ ಖುಷಿಯಾಗಲಿಲ್ಲ. ಮೇವು ಏನಾಕ್ತೀರಿ ಅಂದರು. ಏನೂ ಇಲ್ಲ ಅಂದೆ. ಹಿಂಡಿ? ಅದೂ ಇಲ್ಲ. ಕರು? ಇಲ್ಲ. ಹಾಲನ್ನು ಡೈರಿಗೆ ಹಾಕುತ್ತೀರಾ ಅಂದರು. ಡೈರಿಯೇ ಇಲ್ಲವಲ್ಲ ಅಂದೆ.

“ಮೇವಾಕಂಗಿಲ್ಲ, ಡೈರಿಗಾಕಂಗಿಲ್ಲ. ಅಂದ್ಮೇಲೆ ಬೆಳಿಗ್ಗೆ ಎದ್ದು ಏನ್ ಮಾಡದು ಸಾ?” ಅಂತ ನನ್ನನ್ನು ಕನಿಕರದಿಂದ ನೋಡಿದರು.

ಅಷ್ಟರಲ್ಲಿ ಅವರ ಕಣ್ಣು ಒಂದು ಮರದ ಮೇಲೆ ಬಿತ್ತು. ಡಬ್ಬಿ ಲೋಕದಲ್ಲಿ ಮರದ ಬುಡ ಕಡಿದರೂ ತಲೆ ಬೀಳುವುದಿಲ್ಲ, ಕೊಂಬೆ ಎಲೆ ಸಮೇತ ಗಾಳಿಯಲ್ಲೇ ನಿಂತಿರುತ್ತದೆ. ಹಾಗೆ ನಿಂತ ಮರಗಳು ನನ್ನ ಜಾಗದಲ್ಲಿ ಬೇಕಾದಷ್ಟಿದ್ದವು. ಯಾರ ತಲೆ ಮೇಲಾದರೂ ಬಿದ್ದರೆ ಏನು ಗತಿ ಅಂತ ಅವರು ಪಟ್ಟು ಹಿಡಿದರು. ಅದು ಬೀಳೋದಿಲ್ಲ, ಕೆಳಗೆ ಯಾರೂ ಇಲ್ಲ ಅಂತ ಎಷ್ಟು ಹೇಳಿದರೂ ಕೇಳಲಿಲ್ಲ. ಸಂತೆಯ ಕೆಲಸ ಬಿಟ್ಟು ಪಕ್ಕದಲ್ಲೇ ಕೂತು, ಅಲ್ಲೊಂದು ಅದೆ, ಅತ್ಲಾಗೊಂದು ಅದೆ ಅಂತ ತೋರಿಸಿ ತೋರಿಸಿ ಎಲ್ಲವನ್ನೂ ನನ್ನ ಕೈಯಲ್ಲಿ ಕಡಿಸಿದರು. ಕೊನೆಯದು ಮುಗಿಯುವಾಗ ಆಟದೊಳಗೆ ಮಳೆ ಹಿಡಿಯಿತು. ಅವರ ಬಸ್ಸಿಗೂ ಹೊತ್ತಾಯಿತು, ಹೊರಟರು.

ಕವಲಂದೆ ಮುಟ್ಟಿದ ಮೇಲೆ ಫೋನು ಬಂತು. ಚೀಲ ಏನಾದರೂ ನಮ್ಮನೆಯಲ್ಲಿ ಮರೆತರೋ ಅಂದುಕೊಂಡು ಎತ್ತಿದೆ.

“ಸಾ, ಆ ಹಸ ಆಚೆನೇ ನೆನೀತಾ ಇತ್ತಲ್ಲ, ಒಳಕ್ಕೆ ಕಟ್ಟುದ್ರಾ?”

ಬಾಗಿಲು ಯಾವ ಕಡೆ

ನನ್ನಾಕೆ ಈ ಆಟವನ್ನು ನೋಡುವುದೇ ಇಲ್ಲ ಅಂತ ಪಣ ತೊಟ್ಟವಳು. ಆದರೆ ಅವರೆಕಾಯಿ ಬಿಡಿಸಲು ನನ್ನ ಪಕ್ಕವೇ ಬಂದು ಕೂರುತ್ತಿದ್ದಳು. ನಾನು ಮನೆ ಕಟ್ಟಿ ಬಾಗಿಲು ಇಟ್ಟ ದಿನ, ತಲೆಯೆತ್ತದೆ, ದಕ್ಷಿಣಕ್ಕೆ ಬಾಗಿಲು ಇಡ್ತಾರಾ ಯಾರಾದ್ರೂ ಅಂದಳು. ಕಿತ್ತು ಪೂರ್ವಕ್ಕಿಟ್ಟೆ. ಒಲೆ ಎಲ್ಲಿ ಅಂದಳು. ಒಲೆಯನ್ನು ಆಗ್ನೇಯಕ್ಕೆ ತಂದೆ. ಹಾಗಾದರೆ ಮೆಟ್ಟಿಲು ಅಲ್ಲಿ ಬರಬಾರದು ಅಂದಳು. ಮನೆಯನ್ನೇ ಕೆಡವಿದೆ. ಇದು ಸುಳ್ಳು ಮನೆ ಅಂತ ನೀನೇ ಅಂತೀಯಲ್ಲ, ಬಾಗಿಲು ಎಲ್ಲಿದ್ದರೇನು ಅಂತ ಕೇಳಿಯೇ ಬಿಟ್ಟೆ.

“ಮನೆ ಸುಳ್ಳಾದ್ರೂ ಒಳಗಿರೋರು ನೀವು ತಾನೆ. ನಾಳೆ ಮಂಡಿ ನೋವು ಅಂತ ನನ್ನ ಹತ್ರಾನೇ ಬರ್ತೀರಿ.”

ಹೊಸ ಮನೆಗೆ ಅವಳದೇ ನಕ್ಷೆ. ಅದರಲ್ಲಿ ಎರಡು ರೂಮು ಹೆಚ್ಚಿಗೆ ಇದ್ದವು. ಒಂದು ಮೂಡಲಿಗೆ, ಒಂದು ಪಡುವಲಿಗೆ, ಬಾಗಿಲುಗಳು ಒಂದಕ್ಕೊಂದು ಬೆನ್ನು ಹಾಕಿಕೊಂಡು. ಯಾರಿಗೆ ಇವು ಅಂದೆ. ತಮ್ಮಂದಿರು ಬಂದರೆ ಅಂದಳು. ಅವರೆಕಾಯಿ ಬಿಡಿಸುತ್ತಿದ್ದ ಕೈ ನಿಂತಿತ್ತು. ನನಗೆ ಪಿಚ್ಚೆನ್ನಿಸಿತು. ಆಟದಲ್ಲಾದರೂ ಇಬ್ಬರನ್ನೂ ಒಂದೇ ರೂಮಿನಲ್ಲಿ ಇರಿಸಬಾರದಾ ಅಂದೆ.

“ಒಂದೇ ರೂಮಾ? ಆಮೇಲೆ ನಿಮ್ಮ ಆ ಹಸಿರು ಅರ್ಜಿದಾರ ಬರೋದೇ ಬೇಡ. ಇವರೇ ಸಾಕು, ಮನೆ ಎಗರಿ ಹೋಗುತ್ತೆ.”

ಒಂದೇ ದಿನ ಬಂದ ಇಬ್ಬರು ನೆಂಟರು

ಗೌರಿ ಹಬ್ಬಕ್ಕೆ ತವರಿನಿಂದ ಹೆಣ್ಣುಮಗಳಿಗೆ ಬಾಗಿನ ಬರಬೇಕು. ನಮ್ಮಲ್ಲಿ ಎರಡು ಬಾಗಿನ ಬರುತ್ತದೆ. ದೊಡ್ಡ ಭಾವಮೈದ ಹಬ್ಬದ ಹಿಂದಿನ ದಿನ ಬಸ್ಸಿನಲ್ಲಿ ಬಂದು ಹೋಗುತ್ತಾನೆ, ಚಿಕ್ಕವನು ಹಬ್ಬದ ದಿನ ಬೈಕಿನಲ್ಲಿ. ಮಾತಿಲ್ಲದಿದ್ದರೂ ಈ ಒಪ್ಪಂದ ಮಾತ್ರ ಗಟ್ಟಿಯಾಗಿತ್ತು. ಈ ಸಲ ದೊಡ್ಡವನ ಹಸು ಹಬ್ಬದ ಹಿಂದಿನ ದಿನವೇ ಕರು ಹಾಕಿತು. ಅವನು ಹಬ್ಬದ ದಿನವೇ ಬಂದ. ಬಂದು ಹಾಲಿನಲ್ಲಿ ಕೂತು ನೀರು ಕುಡಿಯುವಷ್ಟರಲ್ಲಿ ಹೊರಗೆ ಬೈಕು ನಿಂತಿತು. ಚಿಕ್ಕವನು ಬಾಗಿಲಲ್ಲಿ ಅಣ್ಣನ ಚಪ್ಪಲಿ ನೋಡಿದ, ಒಳಗೆ ಬರದೆ ಜಗಲಿಯಲ್ಲೇ ಕೂತ.

ನನ್ನಾಕೆ ಅಡಿಗೆಮನೆಯಲ್ಲಿ ಒಬ್ಬಟ್ಟು ಬೇಯಿಸುತ್ತ ಕಂಗಾಲಾದಳು. ಎಲೆ ಎಲ್ಲಿ ಹಾಕುವುದು, ಯಾರಿಗೆ ಮೊದಲು ಬಡಿಸುವುದು, ಒಬ್ಬ ಉಣ್ಣದೆ ಎದ್ದುಹೋದರೆ ವರ್ಷವಿಡೀ ಆ ಕೊರಗು. ಇಬ್ಬರನ್ನೂ ಊಟದ ತನಕ ಹೇಗಾದರೂ ಹಿಡಿದಿಡಿ ಅಂತ ನನಗೆ ಕಣ್ಣಲ್ಲೇ ಹೇಳಿದಳು. ನಾನು ಮೊಮ್ಮಗಳ ಮುಖ ನೋಡಿದೆ. ಅವಳು ನಕ್ಕಳು. ಆ ತುಂಟ ನಗು ಅವಳಿಗೆ ನನ್ನ ವಂಶದಿಂದಲೇ ಬಂದದ್ದು.

ಒಂದೇ ವೈಫೈ ಇದ್ದರೆ ಇಬ್ಬರು ಒಂದೇ ಡಬ್ಬಿ ಲೋಕದೊಳಗೆ ಹೋಗಬಹುದು. ಅವಳು ಹೊಸದೊಂದು ಲೋಕ ತೆರೆದು, ಟ್ಯಾಬನ್ನು ಹಾಲಿನಲ್ಲಿದ್ದ ದೊಡ್ಡವನಿಗೆ ಕೊಟ್ಟಳು, ಅವಳಮ್ಮನ ಫೋನನ್ನು ಜಗಲಿಯಲ್ಲಿದ್ದ ಚಿಕ್ಕವನಿಗೆ. ಹೇಗೆ ನಡೆಯುವುದು, ಅಗೆಯುವುದು ಅಂತ ಇಬ್ಬರಿಗೂ ಕಲಿಸಿದಳು. ಇನ್ನೊಬ್ಬರಿದ್ದಾರೆ ಅಂತ ಇಬ್ಬರಿಗೂ ಹೇಳಲಿಲ್ಲ.

ದೊಡ್ಡವನು ಮೊದಲು ಕೇಳಿದ್ದು, ಈ ಜಮೀನು ಯಾರದ್ದು ಅಂತ. ಯಾರದ್ದೂ ಅಲ್ಲ ಅಂದೆ. ಸರ್ಕಾರದ್ದಾ ಅಂದ. ಅಲ್ಲಿ ಸರ್ಕಾರವೇ ಇಲ್ಲ ಅಂದೆ. ಅವನ ಬೆನ್ನು ನೆಟ್ಟಗಾಯಿತು. ಬೆಟ್ಟ ಹತ್ತಿದ, ಮರಳುಗಾಡು ದಾಟಿದ, ಬೇಕಾದಷ್ಟು ನೆಲ ನೋಡಿದ, ಮತ್ತೆ ಹೊರಟಲ್ಲಿಗೇ ಬಂದ. ಅಷ್ಟು ದೂರ ಮನೆ ಕಟ್ಟಿದರೆ ನೋಡುವವರು ಯಾರು ಅಂತ ಅವನ ತರ್ಕ. ಅಲ್ಲಿ ಹೊಳೆಯ ದಂಡೆಯಲ್ಲಿ ಯಾರೋ ಆಗಲೇ ಗುಡಿಸಲು ಹಾಕಿ ನೆಲ ಅಗೆಯುತ್ತಿದ್ದರು. ಯಾರೋ ಕೆಲಸ ಬಲ್ಲ ಮನುಷ್ಯ ಕಣ್ ಭಾವ ಅಂತ ಮೆಚ್ಚಿ, ಅವನ ಪಕ್ಕದಲ್ಲೇ ಇವನೂ ಗುದ್ದಲಿ ಹಾಕಿದ.

ನಾನು ಜಗಲಿಗೆ ಬಂದರೆ ಚಿಕ್ಕವನು ಗೊಣಗುತ್ತಿದ್ದ. “ಭಾವ, ಊರಗಲ ನೆಲ ಬಿದ್ದದೆ. ಇವ್ನ್ಯಾರೋ ನನ್ನ ಮಗ್ಗುಲಿಗೇ ಬಂದು ಮನೆ ಕಟ್ತಾವ್ನೆ.”

ಎಬ್ಬಿಸಿ ಓಡಿಸೋಣವಾ ಅಂದೆ. “ಬ್ಯಾಡ, ಇರ್ಲಿ ಬುಡು. ಜೊತೆಗಾಯ್ತದೆ,” ಅಂದ.

ಆಮೇಲೆ ನಡೆದದ್ದನ್ನು ನಾನು ಹಾಲಿಗೂ ಜಗಲಿಗೂ ಓಡಾಡುತ್ತ ಕಣ್ಣಾರೆ ಕಂಡೆ. ಚಿಕ್ಕವನು ಪಕ್ಕದ ಅಪರಿಚಿತನಿಗೆ ಬಿತ್ತನೆ ಬೀಜ ಎಸೆದ. ದೊಡ್ಡವನು ಅವನ ಗುಡಿಸಲಿಗೆ ಒಂದು ಬಾಗಿಲು ಮಾಡಿ ಇಟ್ಟ. ಇಬ್ಬರ ನಡುವೆ ಒಂದು ಗೋಡೆ, ಇಬ್ಬರ ಮುಖದಲ್ಲೂ ಒಂದೇ ನಗು. ದೊಡ್ಡವನು ಹೊಲಕ್ಕೆ ನೀರು ತರಲು ಹೊಳೆಯಿಂದ ಕಾಲುವೆ ತೋಡಿದ. ಅವನು ತೋಡುವ ರೀತಿಯೇ ಬೇರೆ. ನೇರವಾಗಿ ತರದೆ, ಕಾಲುವೆಯ ತಲೆಯಲ್ಲೇ ಎಡಕ್ಕೊಂದು ಸೊಟ್ಟ ತಿರುಗಿಸಿ, ಆಮೇಲೆ ನೆಟ್ಟಗೆ ಬಿಡುತ್ತಾನೆ. ಹೆಮ್ಮಿಗೆಯಲ್ಲಿ ಹಾಗೆ ತೋಡುವವನು ಅವನೊಬ್ಬನೇ. ನೀರು ತಿರುಗಿತು, ಹರಿಯಿತು, ಪಕ್ಕದವನ ಗುಡಿಸಲಿಗೇ ನುಗ್ಗಿತು.

ಜಗಲಿಯಲ್ಲಿ ಚಿಕ್ಕವನು ಆ ಸೊಟ್ಟವನ್ನೇ ದಿಟ್ಟಿಸಿದ. ಫೋನು ಹಿಡಿದೇ ಎದ್ದು, ಹೊಸ್ತಿಲು ದಾಟಿ, ಹಾಲಿಗೆ ಬಂದು ನಿಂತ.

“ಅಣ್ಣ, ನಿನ್ನ ನೀರು ನನ್ನ ಮನೆ ಒಳೀಕ್ಕೆ ಬಂತು.”

ದೊಡ್ಡವನು ಟ್ಯಾಬಿನಿಂದ ತಲೆಯೆತ್ತಲಿಲ್ಲ. “ತಗ್ಗಲ್ಲಿ ಕಟ್ಟಿದ್ರೆ ಬರ್ದೆ ಇದ್ದದಾ? ಅವತ್ತಿಂದ್ಲೂ ನಿನ್ಗೆ ಅದೇ ಬುದ್ಧಿ ಕಣ್ಲಾ.”

ಇಬ್ಬರ ದನಿಯೂ ಏರಿತು. ನಾನು ಗಾಬರಿಯಿಂದ ನಡುವೆ ಹೋಗಲು ಎದ್ದರೆ, ನನ್ನಾಕೆ ಅಡಿಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಹಿಂದೆ ಹೆಂಚಿನ ಮೇಲೆ ಒಬ್ಬಟ್ಟು ಸೀದು ಹೊಗೆಯಾಡು­ತ್ತಿತ್ತು. ಅವಳ ಕಣ್ಣಲ್ಲಿ ನೀರು. ಅದು ಹೊಗೆಗೆ ಬಂದದ್ದಲ್ಲ.

“ಬಿಡಿಸ್ಬೇಡಿ ಕಣ್ರೀ,” ಅಂತ ನನ್ನ ತೋಳು ಹಿಡಿದಳು. “ಎಷ್ಟು ಚೆನ್ನಾಗಿ ಜಗಳ ಆಡ್ತಿದಾರೆ ನೋಡಿ.”

ಅಳತೆ

ಇಲ್ಲಿಗೆ ಮುಗಿದಿದ್ದರೆ ನಾನು ಮನೆಯಲ್ಲಿ ದೊಡ್ಡ ಮನುಷ್ಯನಾಗಿ ಉಳಿಯುತ್ತಿದ್ದೆ.

ಮೊಮ್ಮಗಳು ಏನೋ ಮಾಡಿ, ಹೆಮ್ಮಿಗೆಯಿಂದಲೂ ಅದೇ ಲೋಕಕ್ಕೆ ಬರುವ ಹಾಗೆ ಇಬ್ಬರ ಫೋನಿಗೂ ಹಾಕಿಕೊಟ್ಟಳು. ಹಾಲು ಕರೆದು ಡೈರಿಗೆ ಹಾಕಿ ಬಂದರೆ ಅಣ್ಣತಮ್ಮಂದಿರು ಡಬ್ಬಿ ಲೋಕದಲ್ಲಿ ಹಾಜರು. ಆದರೆ ಹೆಮ್ಮಿಗೆಯ ಬದು ಹಾಗೇ ಇತ್ತು. ಆ ಸುದ್ದಿ ಎತ್ತಿದರೆ ಇಬ್ಬರೂ ಮತ್ತೆ ಮೂಕರು. ಇವಳನ್ನು ಊಟಕ್ಕೆ ಕರೆಯುವ ಮಾತೂ ಇರಲಿಲ್ಲ.

ಅಷ್ಟರಲ್ಲಿ ಡಬ್ಬಿ ಲೋಕದಲ್ಲೂ ಒಂದು ಬದುವಿನ ತಕರಾರು ಎದ್ದಿತು. ಅವರ ಹೊಲಗಳ ನಡುವಿನ, ಒಂದೇ ಡಬ್ಬಿ ಅಗಲದ ಬದು. ಇಬ್ಬರೂ ಫೋನು ಮಾಡಿ, ಭಾವ, ನೀನು ಬಂದು ಅಳೆದುಕೊಡಬೇಕು ಅಂದರು. ಸುತ್ತ ಮುಗಿಯದಷ್ಟು ನೆಲ ಇದೆಯಲ್ಲಪ್ಪ, ಒಬ್ಬರು ನಾಲ್ಕು ಹೆಜ್ಜೆ ಆಚೆ ಹೋಗಬಾರದಾ ಅಂತ ದೊಡ್ಡವನಿಗೆ ಹೇಳಿದೆ.

“ಆಚ್ಗೋದ್ರೆ ಇವನ್ ಜೊತೆ ಜಗಳ ಆಡೋರ್ಯಾರು ಭಾವ?”

ಸರಿ, ಮತ್ತೆ ಸರ್ವಿಸಿಗೆ ಸೇರಿದೆ. ಟ್ಯಾಬ್ ಹಿಡಿದು ಅವರ ಲೋಕಕ್ಕೆ ಇಳಿದೆ. ಆ ತುದಿಯಿಂದ ಈ ತುದಿಗೆ ಡಬ್ಬಿ ಎಣಿಸಿದೆ, ಕಾಲುವೆ ನೋಡಿದೆ, ನೀರಿನ ಓಟ ನೋಡಿದೆ. ಇಬ್ಬರೂ ತಮ್ಮ ತಮ್ಮ ಹೊಲದಲ್ಲಿ ಉಸಿರು ಹಿಡಿದು ನಿಂತಿದ್ದರು. ಎಷ್ಟೋ ದಿನದ ಮೇಲೆ ಇಬ್ಬರು ಕಕ್ಷಿದಾರರು ನನ್ನ ಬಾಯನ್ನೇ ನೋಡುತ್ತಿದ್ದಾರೆ. ಹಳೆಯ ಗತ್ತು ತಾನಾಗಿ ಬಂತು. ಬಾಂದುಕಲ್ಲು ನೆಟ್ಟು, ಇಬ್ಬರನ್ನೂ ಒಂದೇ ಕರೆಗೆ ಸೇರಿಸಿ ಫೋನಿನಲ್ಲಿ ತೀರ್ಪು ಹೇಳಿದೆ. ಈ ಬದುವಿನ ಪಕ್ಕ ನೀರು ಹರಿಯುತ್ತದೆ. ಆದ್ದರಿಂದ ಇದು ಅಣ್ಣನದೂ ಅಲ್ಲ, ತಮ್ಮನದೂ ಅಲ್ಲ, ಖರಾಬು. ಸರ್ಕಾರಕ್ಕೆ ಸೇರಿದ್ದು.

ಇಬ್ಬರೂ ಬದುವಿನ ಮೇಲೆ ಬಂದು ನನ್ನ ಎದುರಿಗೆ ನಿಂತರು. ಆಮೇಲೆ ದೊಡ್ಡವನ ದನಿ ಬಂತು.

“ಸರ್ಕಾರನೇ ಇಲ್ಲ ಅಂತ ನೀನೇ ಯೋಳಿದ್ದಲ್ಲ ಭಾವ. ಇಲ್ದೆ ಇರೋ ಸರ್ಕಾರಕ್ಕೆ ನಮ್ಮ ನೆಲ ಕೊಟ್ಬುಟ್ಯಾ?”

“ಅಣ್ಣ, ಇವ್ರು ಕೈ ಇಟ್ಟ ಕಡೆ ಹಿಂಗೇ ಆಗದು,” ಅಂದ ಚಿಕ್ಕವನು. ಇಬ್ಬರೂ ಸೇರಿ, ನನ್ನ ಕಣ್ಣೆದುರಿಗೇ ನನ್ನ ಕಲ್ಲುಗಳನ್ನು ಕಿತ್ತು ಹೊಳೆಗೆ ಎಸೆದರು.

ಅಷ್ಟಕ್ಕೆ ಬಿಡಲಿಲ್ಲ. ಹೆಮ್ಮಿಗೆಯ ಅಸಲಿ ಬದುವಿನ ಪಕ್ಕವೂ ನೀರು ಹರಿಯುತ್ತದೆ ಅನ್ನುವುದು ಇಬ್ಬರಿಗೂ ಒಟ್ಟಿಗೇ ಹೊಳೆಯಿತಂತೆ. ಭಾವ ಬಂದು ಅಳೆದರೆ ಅದೂ ಹೋಯಿತು ಅಂತ ಹೆದರಿ, ಮಾರನೆಯ ಬೆಳಿಗ್ಗೆ ಇಬ್ಬರೇ ಗದ್ದೆಗೆ ಹೋಗಿ, ಬದು ಇಬ್ಬರಿಗೂ ಸೇರಿದ್ದು, ಓಡಾಡಲು ಇಬ್ಬರಿಗೂ ಹಕ್ಕು, ಸರ್ವೇಯರನ್ನು ಮಾತ್ರ ಬಿಟ್ಟುಕೊಳ್ಳಬಾರದು ಅಂತ ಒಪ್ಪಿಕೊಂಡರು. ಈಗ ಒಂದೇ ಬೈಕಿನಲ್ಲಿ ಓಡಾಡುತ್ತಾರೆ. ಮಾತು ಬಿಟ್ಟಿರುವುದು ನನ್ನ ಜೊತೆ.

ಹೋದ ಭಾನುವಾರ ಹೆಮ್ಮಿಗೆಯಲ್ಲಿ ಅಕ್ಕನಿಗೆ ಊಟ. ಎರಡು ಮನೆಯವರೂ ಸೇರಿ ಒಂದೇ ಕಡೆ ಎಲೆ ಹಾಕುತ್ತಾರೆ ಅಂತ ಕರೆ ಬಂತು. ನನ್ನಾಕೆ ರೇಷ್ಮೆ ಸೀರೆ ಉಟ್ಟು, ಮೊಮ್ಮಗಳ ಕೈ ಹಿಡಿದು ನರಸೀಪುರದ ಬಸ್ಸಿಗೆ ಹೊರಟಳು. ಮದುವೆಯ ದಿನ ಕೂಡ ಅವಳ ಮುಖ ಅಷ್ಟು ಕಳೆಕಳೆಯಾಗಿರಲಿಲ್ಲ. ನಾನೂ ಇಸ್ತ್ರಿ ಮಾಡಿದ ಪಂಚೆ ಉಟ್ಟು ಚಪ್ಪಲಿ ಮೆಟ್ಟಿದೆ. ಹೋಗಿ ಇಬ್ಬರ ಕೈ ಹಿಡಿದು ಸಮಾಧಾನ ಮಾಡಿ, ಎಲ್ಲ ಸರಿಮಾಡಿಕೊಂಡು ಬರ್ತೀನಿ ಅಂದೆ.

ಅವಳು ಗೇಟಿನಿಂದ ಓಡಿ ಬಂದು ನನ್ನ ಚಪ್ಪಲಿ ಬಿಡಿಸಿದಳು.

“ದಮ್ಮಯ್ಯ, ನೀವು ಬರ್ಬೇಡಿ. ಇಬ್ಬರೂ ಒಂದಾಗಿರೋದೇ ನಿಮ್ಮ ಮೇಲಿನ ಸಿಟ್ಟಿಗೆ. ಈಗ ಹೋಗಿ ನೀವು ರಾಜಿ ಆಗಿಬಿಟ್ರೆ ಅವರ ಗತಿ ಏನು?”